ಖಾಲಿ ಡಬ್ಬಿ ಯಾರದು? ಒಂದು ಟೋನರ್ ಕಾರ್ಟ್ರಿಡ್ಜಿನ ವ್ಯಾಜ್ಯ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಟೋನರ್ ಕಾರ್ಟ್ರಿಡ್ಜ್, ಅಂದರೆ ಪ್ರಿಂಟರಿನ ಶಾಯಿಪುಡಿಯ ಡಬ್ಬಿ, ತುಂಬಿಸಿಕೊಂಡವರಿಗೆ ಈ ಕೆಲಸ ನೋಡಿ ಗೊತ್ತಿರುತ್ತದೆ. ಅಂಗಡಿಯವನು ಡಬ್ಬಿ ಬಿಚ್ಚುತ್ತಾನೆ, ಉಳಿದ ಪುಡಿ ಕೊಡವುತ್ತಾನೆ, ಹೊಸ ಪುಡಿ ಸುರಿಯುತ್ತಾನೆ, ಡ್ರಮ್ ಒರೆಸುತ್ತಾನೆ. ಕೆಲವು ಮಾಡೆಲ್‌ಗಳಲ್ಲಿ ಅಷ್ಟಕ್ಕೇ ಕೆಲಸ ಮುಗಿಯುವುದಿಲ್ಲ. ಉಗುರಿನಷ್ಟು ಇರುವ ಒಂದು ಚಿಪ್ ಕಿತ್ತು, ಅದೇ ಜಾಗಕ್ಕೆ ಇನ್ನೊಂದನ್ನು ಅಂಟಿಸುತ್ತಾನೆ. ಯಾಕೆ ಅಂತ ಕೇಳಿದರೆ, 'ಇದು ಹಾಕ್ಲಿಲ್ಲ ಅಂದ್ರೆ ಪ್ರಿಂಟರ್ ಒಪ್ಪಲ್ಲ ಸಾರ್' ಅನ್ನುತ್ತಾನೆ.

ಆ ಚಿಪ್ ವಿಷಯಕ್ಕೆ ಅಮೆರಿಕದಲ್ಲಿ ಸುಮಾರು 15 ವರ್ಷ ವ್ಯಾಜ್ಯ ನಡೆದಿದೆ. ಎರಡು ಸಲ ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಪ್ರಶ್ನೆ ಸರಳ. ಕಂಪನಿ ಒಂದು ವಸ್ತು ಮಾರಿತು, ದುಡ್ಡು ತೆಗೆದುಕೊಂಡಿತು. ಕೊಂಡವನು ಅದನ್ನು ಮತ್ತೊಬ್ಬನಿಗೆ ಮಾರುವುದನ್ನು ಕಂಪನಿ ತಡೆಯಬಹುದೇ? ಆ ವಸ್ತುವಿನೊಳಗೆ ಕಂಪನಿಯ ಕಾಪಿರೈಟ್ ಇರುವ ಪ್ರೋಗ್ರಾಂ ಕೂತಿದ್ದರೆ ಉತ್ತರ ಬದಲಾಗುತ್ತದೆಯೇ?

ಕಂಪನಿಯ ಹೆಸರು ಲೆಕ್ಸ್‌ಮಾರ್ಕ್. 1991ರಲ್ಲಿ ಐಬಿಎಂನಿಂದ ಬೇರೆಯಾಗಿ ಹುಟ್ಟಿದ ಪ್ರಿಂಟರ್ ಕಂಪನಿ. ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಅದರ ಊರು.

ರಿಯಾಯಿತಿ ಕೊಟ್ಟು ಕಟ್ಟಿದ ಹಗ್ಗ

ಲೆಕ್ಸ್‌ಮಾರ್ಕ್ ಒಂದೇ ಕಾರ್ಟ್ರಿಡ್ಜನ್ನು ಎರಡು ರೀತಿ ಮಾರುತ್ತಿತ್ತು. ಪೂರ್ತಿ ಬೆಲೆ ಕೊಟ್ಟರೆ ಯಾವ ಷರತ್ತೂ ಇಲ್ಲ. ಕಡಿಮೆ ಬೆಲೆಗೆ ಬೇಕಾದರೆ ಷರತ್ತು: ಒಂದೇ ಸಲ ಬಳಸಬೇಕು, ಖಾಲಿಯಾದ ಮೇಲೆ ಡಬ್ಬಿಯನ್ನು ಲೆಕ್ಸ್‌ಮಾರ್ಕ್‌ಗೇ ವಾಪಸ್ ಕೊಡಬೇಕು, ಬೇರೆ ಯಾರಿಗೂ ಕೊಡಬಾರದು. ಈ ಯೋಜನೆಗೆ ಮೊದಲು 'ಪ್ರೀಬೇಟ್' ಎಂದು ಹೆಸರಿತ್ತು, ಆಮೇಲೆ 'ರಿಟರ್ನ್ ಪ್ರೋಗ್ರಾಂ' ಆಯಿತು. ಷರತ್ತನ್ನು ಕಾರ್ಟ್ರಿಡ್ಜ್ ಬರುವ ಹೊರಗಿನ ಡಬ್ಬದ ಮೇಲೇ ಅಚ್ಚು ಹಾಕಿದ್ದರು. ಡಬ್ಬ ತೆರೆದರೆ ಒಪ್ಪಿದಂತೆ.

ಜನ ಏನು ಮಾಡುತ್ತಾರೆ? ರಿಯಾಯಿತಿ ತೆಗೆದುಕೊಂಡರು, ಖಾಲಿ ಡಬ್ಬಿಯನ್ನು ರೀಫಿಲ್ ಮಾಡುವವರಿಗೆ ಮಾರಿದರು. ಅವರು ತುಂಬಿಸಿ ಕಂಪನಿಗಿಂತ ಕಡಿಮೆ ಬೆಲೆಗೆ ಮಾರಿದರು. ಲೆಕ್ಸ್‌ಮಾರ್ಕ್‌ನ ಸಿಟ್ಟು ಅರ್ಥವಾಗುವಂಥದ್ದೇ. ಪ್ರಿಂಟರ್ ವ್ಯಾಪಾರದಲ್ಲಿ ನಿಜವಾದ ಲಾಭ ಇರುವುದು ಕಾರ್ಟ್ರಿಡ್ಜಿನಲ್ಲಿ. ರಿಯಾಯಿತಿಯೂ ಹೋಯಿತು, ಮುಂದಿನ ಮಾರಾಟವೂ ಹೋಯಿತು.

ಆಗ ಚಿಪ್ ಬಂತು. ಪ್ರಿಂಟರ್ ಮತ್ತು ಚಿಪ್ ತಮ್ಮತಮ್ಮಲ್ಲೇ ಒಂದು ಲೆಕ್ಕ ಮಾಡುತ್ತವೆ. ಎರಡರ ಉತ್ತರ ಒಂದೇ ಬಂದರೆ ಪ್ರಿಂಟರ್ ಕೆಲಸ ಮಾಡುತ್ತದೆ. ಬರದಿದ್ದರೆ ಸುಮ್ನೆ ನಿಂತುಬಿಡುತ್ತದೆ. ಕಾಗದದ ಮೇಲಿನ ಷರತ್ತನ್ನು ಜನ ಓದದೆ ಇರಬಹುದು. ಪ್ರಿಂಟರ್ ತಪ್ಪದೆ ಓದುತ್ತದೆ.

ನಾರ್ತ್ ಕ್ಯಾರೊಲೈನಾದ ಸ್ಯಾನ್‌ಫರ್ಡ್ ಎಂಬ ಊರಿನಲ್ಲಿ ಸ್ಟ್ಯಾಟಿಕ್ ಕಂಟ್ರೋಲ್ ಎಂಬ ಕಂಪನಿಯಿತ್ತು. ರೀಫಿಲ್ ಮಾಡುವವರಿಗೆ ಬೇಕಾದ ಬಿಡಿಭಾಗ ಒದಗಿಸುವುದು ಅದರ ಕಸುಬು. ಅದು ಲೆಕ್ಸ್‌ಮಾರ್ಕ್ ಚಿಪ್ಪಿನ ಗುಟ್ಟು ಬಿಡಿಸಿ, ಬದಲಿ ಚಿಪ್ ಮಾಡಿ ಮಾರತೊಡಗಿತು. ಸ್ಮಾರ್ಟೆಕ್ ಎಂದು ಅದರ ಹೆಸರು. 2002ರ ಡಿಸೆಂಬರ್ 30ರಂದು ಲೆಕ್ಸ್‌ಮಾರ್ಕ್ ಕೋರ್ಟಿಗೆ ಹೋಯಿತು.

37 ಬೈಟಿನ 'ಕೃತಿ'

ಡಬ್ಬಿಯ ಮರುಮಾರಾಟ ತಪ್ಪು ಎಂದು ಲೆಕ್ಸ್‌ಮಾರ್ಕ್ ಇಲ್ಲಿ ವಾದಿಸಲಿಲ್ಲ. ಹಾಗೆ ವಾದಿಸಿದರೆ ನಿಲ್ಲುವುದು ಕಷ್ಟ ಎಂದು ಅದರ ವಕೀಲರಿಗೂ ಗೊತ್ತಿದ್ದಿರಬೇಕು. ಅಮೆರಿಕದಲ್ಲಿ 1908ರಲ್ಲೇ ಒಂದು ತೀರ್ಪು ಬಂದಿತ್ತು. ಪ್ರಕಾಶಕರೊಬ್ಬರು ಕಾದಂಬರಿಯೊಂದರಲ್ಲಿ, ಇದನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರಿದರೆ ಕಾಪಿರೈಟ್ ಉಲ್ಲಂಘನೆ ಎಂದು ಅಚ್ಚು ಹಾಕಿದ್ದರು. ಮೇಸೀಸ್ ಅಂಗಡಿ ಅದನ್ನು 89 ಸೆಂಟಿಗೆ ಮಾರಿತು. ಸುಪ್ರೀಂ ಕೋರ್ಟು ಅಂಗಡಿಯ ಪರ ನಿಂತಿತು. ಕಾಪಿರೈಟ್ ಎಂದರೆ ನಕಲು ಮಾಡುವ ಹಕ್ಕು. ಒಮ್ಮೆ ಮಾರಿದ ಪ್ರತಿ ಮುಂದೆ ಯಾರ ಕೈಗೆ, ಎಷ್ಟು ಬೆಲೆಗೆ ಹೋಗಬೇಕು ಎಂದು ಹೇಳುವ ಹಕ್ಕು ಅದರಲ್ಲಿಲ್ಲ. ಇದನ್ನೇ ಮೊದಲ ಮಾರಾಟದ ತತ್ವ ಅನ್ನುತ್ತಾರೆ.

ಹಾಗಾಗಿ ಲೆಕ್ಸ್‌ಮಾರ್ಕ್ ಸುತ್ತುಬಳಸಿ ಬಂತು. ಚಿಪ್ಪಿನೊಳಗೆ ಒಂದು ಪುಟ್ಟ ಪ್ರೋಗ್ರಾಂ ಇದೆ, ಎಷ್ಟು ಪುಡಿ ಉಳಿದಿದೆ ಎಂದು ಅಳೆಯುತ್ತದೆ, ಅದರ ಕಾಪಿರೈಟ್ ನಮ್ಮದು, ಸ್ಟ್ಯಾಟಿಕ್ ಕಂಟ್ರೋಲ್ ಅದನ್ನು ಅಕ್ಷರಶಃ ನಕಲು ಮಾಡಿದೆ: ಇದು ಮೊದಲ ದೂರು. ಪ್ರಿಂಟರಿನೊಳಗೆ ಇನ್ನೊಂದು ದೊಡ್ಡ ಪ್ರೋಗ್ರಾಂ ಇದೆ, ನಮ್ಮ ಚಿಪ್ ಅದಕ್ಕೆ ಬೀಗ, ಆ ಬೀಗ ಮುರಿಯುವ ಸಾಧನವನ್ನು ಇವರು ಮಾರುತ್ತಿದ್ದಾರೆ: ಇದು ಎರಡನೆಯದು. ಎರಡನೆಯದಕ್ಕೆ ಆಧಾರ 1998ರ ಡಿಜಿಟಲ್ ಕಾಪಿರೈಟ್ ಕಾಯ್ದೆ. ಸಿನಿಮಾ, ಸಂಗೀತದ ಕಳ್ಳ ನಕಲು ತಡೆಯಲು ಬಂದ ಕಾಯ್ದೆ ಅದು. ಅದನ್ನು ಟೋನರ್ ಪುಡಿಗೆ ಹಚ್ಚಬಹುದು ಎಂದು ಹೊಳೆದವರ ತಲೆಗೆ ಒಂದು ನಮಸ್ಕಾರ ಹೇಳಲೇಬೇಕು.

ನಕಲು ನಡೆದದ್ದು ನಿಜವೇ. ಪ್ರೋಗ್ರಾಮಿನೊಳಗೆ ಲೆಕ್ಸ್‌ಮಾರ್ಕ್‌ನ ಷೇರುಪೇಟೆಯ ಗುರುತಾದ 'ಎಲ್‌ಎಕ್ಸ್‌ಕೆ' ಎಂಬ ಮೂರು ಅಕ್ಷರ ಇದ್ದವು. ಅವೂ ಸ್ಮಾರ್ಟೆಕ್ ಚಿಪ್ಪಿನಲ್ಲಿ ಹಾಗೇ ಬಂದಿದ್ದವು. ಪರೀಕ್ಷೆಯಲ್ಲಿ ಪಕ್ಕದವನ ಹೆಸರನ್ನೂ ಸೇರಿಸಿ ಕಾಪಿ ಹೊಡೆದ ಹಾಗೆ.

2003ರ ಫೆಬ್ರವರಿಯಲ್ಲಿ ಕೆಂಟಕಿಯ ಜಿಲ್ಲಾ ನ್ಯಾಯಾಲಯ ಎರಡೂ ದೂರುಗಳನ್ನು ಒಪ್ಪಿ ತಡೆಯಾಜ್ಞೆ ಕೊಟ್ಟಿತು. ಸ್ಟ್ಯಾಟಿಕ್ ಕಂಟ್ರೋಲ್ ಮೇಲ್ಮನವಿ ಹಾಕಿತು.

2004ರ ಅಕ್ಟೋಬರ್ 26ರಂದು ಆರನೇ ಸರ್ಕ್ಯೂಟ್ (ಅಲ್ಲಿ ಒಂದೊಂದು ಪ್ರದೇಶಕ್ಕೆ ಒಂದೊಂದು ಸರ್ಕ್ಯೂಟ್) ಮೇಲ್ಮನವಿ ನ್ಯಾಯಾಲಯ ಆ ತಡೆಯಾಜ್ಞೆಯನ್ನು ತೆಗೆದುಹಾಕಿತು. ಬಹುಮತದ ತೀರ್ಪು ಬರೆದದ್ದು ನ್ಯಾಯಮೂರ್ತಿ ಸಟನ್. ಆ ತೀರ್ಪನ್ನು ಓದುವುದೇ ಒಂದು ಸುಖ. ಆ ಪುಟ್ಟ ಪ್ರೋಗ್ರಾಂ ಒಂದು ಮಾಡೆಲಿನಲ್ಲಿ 37 ಬೈಟ್, ಇನ್ನೊಂದರಲ್ಲಿ 55 ಬೈಟ್. ಬೈಟ್ ಎಂದರೆ ಕಂಪ್ಯೂಟರಿನಲ್ಲಿ ಒಂದು ಇಂಗ್ಲಿಷ್ ಅಕ್ಷರ ಹಿಡಿಯುವಷ್ಟು ಜಾಗ. ಇದು ಎಷ್ಟು ಚಿಕ್ಕದು ಎಂದು ತೋರಿಸಲು ಕೋರ್ಟು ಒಂದು ಹೋಲಿಕೆ ಕೊಡುತ್ತದೆ: ಈ ಮೊಕದ್ದಮೆಯ ಹೆಸರನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿದರೆ ಅದಕ್ಕೇ ಇದಕ್ಕಿಂತ ಜಾಸ್ತಿ ಜಾಗ ಬೇಕು!

ಚಿಕ್ಕದಾದ್ದರಿಂದಲೇ ಕಾಪಿರೈಟ್ ಇಲ್ಲ ಎಂದು ಕೋರ್ಟು ಹೇಳಲಿಲ್ಲ. ಅದು ನೋಡಿದ್ದು ಆ ಬೈಟುಗಳು ಏನು ಕೆಲಸ ಮಾಡುತ್ತವೆ ಎಂಬುದನ್ನು. ಪ್ರಿಂಟರ್ ಆ ಪ್ರೋಗ್ರಾಮಿನ ಬೈಟುಗಳನ್ನು ಎಣಿಸಿ ತಾಳೆ ನೋಡುತ್ತದೆ. ಒಂದು ಬೈಟ್ ಆಚೀಚೆಯಾದರೂ ಪ್ರಿಂಟರ್ ತಕರಾರು ತೆಗೆಯುತ್ತದೆ. ಅಂದರೆ ಆ ಪ್ರೋಗ್ರಾಂ ಪುಡಿ ಅಳೆಯುವುದರ ಜೊತೆಗೆ ಬೀಗದ ಕೈಯೂ ಆಗಿದೆ. ಬೀಗದ ಕೈಗೆ ಬೇರೆ ಆಕಾರ ಕೊಡಲು ಆಗುವುದಿಲ್ಲ. ಬೇರೆ ರೀತಿ ಬರೆಯಲು ದಾರಿಯೇ ಇಲ್ಲದಿದ್ದರೆ ಅದು ಬರೆಹಗಾರನ ಸೃಜನಶೀಲತೆ ಹೇಗಾಗುತ್ತದೆ? ಹಾಗಾಗಿ ಆ ಹಂತದಲ್ಲಿ ಕಂಡ ದಾಖಲೆಗಳ ಮಟ್ಟಿಗೆ, ಈ ನಕಲಿಗೆ ಕಾಪಿರೈಟಿನ ರಕ್ಷಣೆ ಸಿಗುವಂತೆ ಕಾಣುವುದಿಲ್ಲ ಎಂದಿತು.

ಎರಡನೇ ದೂರಿಗೆ ಕೊಟ್ಟ ಉತ್ತರ ಇನ್ನೂ ಚೆನ್ನಾಗಿದೆ. ಪ್ರಿಂಟರಿನ ಒಳಗಿನ ಪ್ರೋಗ್ರಾಮಿಗೆ ಚಿಪ್ ಬೀಗ ಎಂದಿರಿ. ಆದರೆ ಪ್ರಿಂಟರ್ ಕೊಂಡ ಯಾರೇ ಆದರೂ ಅದರ ಮೆಮೊರಿಯಿಂದ ಆ ಪ್ರೋಗ್ರಾಮನ್ನು ನೇರವಾಗಿ ಓದಬಹುದು, ಚಿಪ್ ಅಲ್ಲಿ ಅಡ್ಡ ಬರುವುದೇ ಇಲ್ಲ. ಮುಂಬಾಗಿಲು ತೆರೆದಿಟ್ಟು ಹಿತ್ತಿಲ ಬಾಗಿಲಿಗೆ ಬೀಗ ಹಾಕಿದರೆ ಮನೆಗೆ ಬೀಗ ಹಾಕಿದಂತಾಗುತ್ತದೆಯೇ? ಹೆಚ್ಚುಕಮ್ಮಿ ಇದೇ ಹೋಲಿಕೆಯನ್ನು ತೀರ್ಪು ಕೊಡುತ್ತದೆ.

ಇನ್ನೊಬ್ಬ ನ್ಯಾಯಮೂರ್ತಿ ಮೆರಿಟ್ ಪ್ರತ್ಯೇಕವಾಗಿ ಕೆಲವು ಪುಟ ಬರೆದರು. ನನ್ನ ಮಟ್ಟಿಗೆ ಇಡೀ ಪ್ರಕರಣದ ಜೀವ ಅಲ್ಲಿದೆ. ಲೆಕ್ಸ್‌ಮಾರ್ಕ್ ಹೇಳಿದ್ದನ್ನು ಒಪ್ಪಿಬಿಟ್ಟರೆ ನಾಳೆ ಬೇರೆಯವರು ಇನ್ನಷ್ಟು ಜಾಣತನದ ಬೀಗ ಬರೆಯುತ್ತಾರೆ. ಕಾರು ಕಂಪನಿಯವರು ಪ್ರತಿ ಬಿಡಿಭಾಗಕ್ಕೂ ಒಂದೊಂದು ಚಿಪ್ ಅಂಟಿಸಿ, ಬಿಡಿಭಾಗದ ಇಡೀ ಮಾರುಕಟ್ಟೆಯನ್ನೇ ಕೈಯಲ್ಲಿಟ್ಟುಕೊಳ್ಳಬಹುದು ಎಂದು ಅವರು ಎಚ್ಚರಿಸಿದರು. 2004ರಲ್ಲಿ ಬರೆದ ಮಾತು ಅದು. ಇವತ್ತು ಟ್ರ್ಯಾಕ್ಟರ್, ಫೋನ್ ರಿಪೇರಿಯ ಗಲಾಟೆ ನೋಡಿದವರಿಗೆ ವಿವರಿಸಬೇಕಿಲ್ಲ ಅಲ್ವಾ?

ಕಾಪಿರೈಟ್ ಬಿಟ್ಟು ಪೇಟೆಂಟಿಗೆ

ಇಲ್ಲಿ ಪಕ್ಕದ ಒಂದು ದಾರಿಯನ್ನೂ ನೋಡಬೇಕು. 2005ರಲ್ಲಿ ಒಂಬತ್ತನೇ ಸರ್ಕ್ಯೂಟ್ ಕೋರ್ಟು, ಡಬ್ಬದ ಮೇಲಿನ ಷರತ್ತು ಒಂದು ಕರಾರಾಗಿ ನಿಲ್ಲುತ್ತದೆ ಎಂದು ಲೆಕ್ಸ್‌ಮಾರ್ಕ್ ಪರ ಹೇಳಿತ್ತು. ಆದರೆ ಕರಾರು ಯಾರ ಮೇಲೆ? ಡಬ್ಬ ತೆರೆದವನ ಮೇಲೆ. ಅವನಿಂದ ಖಾಲಿ ಡಬ್ಬಿ ಕೊಂಡ ಗುಜರಿಯವನು ಯಾವ ಕರಾರಿಗೂ ಸಹಿ ಹಾಕಿಲ್ಲ. ತನ್ನದೇ ಗ್ರಾಹಕರ ಮೇಲೆ ಒಬ್ಬೊಬ್ಬರಾಗಿ ಕೇಸು ಹಾಕುವ ಕಂಪನಿಯ ಪ್ರಿಂಟರನ್ನು ಯಾರು ಕೊಳ್ಳುತ್ತಾರೆ?

ಪೇಟೆಂಟ್, ಅಂದರೆ ಹೊಸ ಆವಿಷ್ಕಾರದ ಮೇಲಿನ ಹಕ್ಕು, ಹಾಗಲ್ಲ. ಅದು ಯಾರ ಮೇಲೆ ಬೇಕಾದರೂ ನಡೆಯುತ್ತದೆ, ಕರಾರಿಗೂ ಅವನಿಗೂ ಸಂಬಂಧ ಇಲ್ಲದಿದ್ದರೂ ಸರಿ. 2010ರಲ್ಲಿ ಲೆಕ್ಸ್‌ಮಾರ್ಕ್ ಒಹಾಯೋದಲ್ಲಿ ಹಲವು ರೀಫಿಲ್ ಕಂಪನಿಗಳ ಮೇಲೆ ಪೇಟೆಂಟ್ ಉಲ್ಲಂಘನೆಯ ಮೊಕದ್ದಮೆ ಹೂಡಿತು. ಬಹುತೇಕರು ರಾಜಿಯಾದರು. ವೆಸ್ಟ್ ವರ್ಜೀನಿಯಾದ ಚಾರ್ಲ್ಸ್‌ಟನ್ನಿನ ಇಂಪ್ರೆಶನ್ ಪ್ರಾಡಕ್ಟ್ಸ್ ಎಂಬ ಚಿಕ್ಕ ಕಂಪನಿ ಮಾತ್ರ ಜಗ್ಗಲಿಲ್ಲ.

ಅದರ ಬಳಿ ಇದ್ದ ಕಾರ್ಟ್ರಿಡ್ಜುಗಳು ಎರಡು ತರಹ. ಕೆಲವು ಅಮೆರಿಕದಲ್ಲೇ 'ರಿಟರ್ನ್ ಪ್ರೋಗ್ರಾಂ' ಷರತ್ತಿನ ಮೇಲೆ ಮಾರಿದ್ದವು. ಉಳಿದವು ಲೆಕ್ಸ್‌ಮಾರ್ಕ್ ಬೇರೆ ದೇಶಗಳಲ್ಲಿ ಮಾರಿ, ಅಲ್ಲಿಂದ ಅಮೆರಿಕಕ್ಕೆ ಬಂದಂಥವು. 2016ರ ಫೆಬ್ರವರಿಯಲ್ಲಿ ಪೇಟೆಂಟ್ ಮೇಲ್ಮನವಿ ಕೇಳುವ ಫೆಡರಲ್ ಸರ್ಕ್ಯೂಟ್ ಕೋರ್ಟು ಪೂರ್ಣಪೀಠದಲ್ಲಿ ಕೂತು, 10–2ರ ಬಹುಮತದಿಂದ ಎರಡರಲ್ಲೂ ಲೆಕ್ಸ್‌ಮಾರ್ಕ್‌ಗೆ ಗೆಲುವು ಕೊಟ್ಟಿತು. ಷರತ್ತು ಹಾಕಿ ಮಾರಿದರೆ ಪೇಟೆಂಟ್ ಹಕ್ಕು ಉಳಿಯುತ್ತದೆ, ಹೊರದೇಶದಲ್ಲಿ ಮಾರಿದರೂ ಉಳಿಯುತ್ತದೆ ಎಂದಿತು.

ಒಂದು ವರ್ಷ ಮೂರು ತಿಂಗಳಲ್ಲಿ ಸುಪ್ರೀಂ ಕೋರ್ಟು ಇದನ್ನು ಪೂರ್ತಿ ತಿರುಗಿಸಿತು. 2017ರ ಮೇ 30ರ ತೀರ್ಪು, ಬರೆದದ್ದು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್. ದೇಶದೊಳಗಿನ ಮಾರಾಟದ ಬಗ್ಗೆ ಕೂತಿದ್ದ 8 ಜನ ನ್ಯಾಯಮೂರ್ತಿಗಳೂ ಒಂದೇ ಮಾತು: ಮಾರಿದ ಕ್ಷಣಕ್ಕೆ ಆ ವಸ್ತುವಿನ ಮೇಲಿನ ಪೇಟೆಂಟ್ ಹಕ್ಕು ತೀರಿತು. ಡಬ್ಬದ ಮೇಲೆ ಏನೇ ಬರೆದಿರಲಿ, ಅದು ಕರಾರಿನ ವಿಷಯ. ಅದಕ್ಕಾಗಿ ಪೇಟೆಂಟ್ ಕಾಯ್ದೆಯನ್ನು ಎಳೆದು ತರಬೇಡಿ.

ರಾಬರ್ಟ್ಸ್ ಕೊಟ್ಟ ಉದಾಹರಣೆ ಹಳೆ ಕಾರು ರಿಪೇರಿ ಮಾಡಿ ಮಾರುವ ಗ್ಯಾರೇಜಿನದು. ಕಾರು ತಂದವನೇ ಅದರ ಮಾಲೀಕ ಎಂದು ಗೊತ್ತಾದರೆ ಸಾಕು, ಗ್ಯಾರೇಜಿನವನು ನೆಮ್ಮದಿಯಾಗಿ ಕೆಲಸ ಮಾಡುತ್ತಾನೆ. ಒಳಗಿನ ಸಾವಿರಾರು ಭಾಗ ಮಾಡಿದ ಕಂಪನಿಗಳೆಲ್ಲ ಒಂದೊಂದಾಗಿ ಅವನ ಮೇಲೆ ಪೇಟೆಂಟ್ ಕೇಸು ಹಾಕಬಹುದಾದರೆ ಅವನು ಅಂಗಡಿ ಮುಚ್ಚಬೇಕಷ್ಟೆ. ಮಾರಿದ ಮೇಲೆ ಹಿಡಿತ ಇಟ್ಟುಕೊಳ್ಳುವುದು ಕಾನೂನಿಗೆ ಹಿಡಿಸದು ಎಂಬ ಮಾತಿಗೆ ಅವರು 17ನೇ ಶತಮಾನದ ಇಂಗ್ಲಿಷ್ ನ್ಯಾಯವೇತ್ತ ಲಾರ್ಡ್ ಕೋಕ್‌ವರೆಗೂ ಹಿಂದೆ ಹೋಗುತ್ತಾರೆ.

ಹೊರದೇಶದ ಕಾರ್ಟ್ರಿಡ್ಜಿನ ವಿಷಯದಲ್ಲಿ 7–1. ಒಪ್ಪದವರು ನ್ಯಾಯಮೂರ್ತಿ ಗಿನ್ಸ್‌ಬರ್ಗ್. ಪೇಟೆಂಟ್ ಪ್ರತಿ ದೇಶಕ್ಕೂ ಬೇರೆ, ಬೇರೆ ದೇಶದ ಮಾರಾಟದಿಂದ ಅಮೆರಿಕದ ಹಕ್ಕು ಹೇಗೆ ತೀರುತ್ತದೆ ಎಂಬುದು ಅವರ ತಕರಾರು. ಈ ತಕರಾರು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಆದರೆ ಬಹುಮತದವರ ಕೈಯಲ್ಲಿ 2013ರ ಒಂದು ತೀರ್ಪು ಇತ್ತು. ಥಾಯ್ಲೆಂಡಿನಿಂದ ಅಮೆರಿಕಕ್ಕೆ ಓದಲು ಬಂದ ವಿದ್ಯಾರ್ಥಿಯೊಬ್ಬ, ಊರಲ್ಲಿ ಕಡಿಮೆ ಬೆಲೆಗೆ ಸಿಗುವ ಪಠ್ಯಪುಸ್ತಕ ತರಿಸಿ ಅಮೆರಿಕದಲ್ಲಿ ಮಾರುತ್ತಿದ್ದ. ಪ್ರಕಾಶಕರು ಕೇಸು ಹಾಕಿದರು, ಸೋತರು. ಕಾಪಿರೈಟಿನಲ್ಲಿ ಹೊರದೇಶದ ಮಾರಾಟಕ್ಕೂ ಮೊದಲ ಮಾರಾಟದ ತತ್ವ ಅನ್ವಯಿಸಿದ ಮೇಲೆ ಪೇಟೆಂಟಿಗೇಕೆ ಬೇರೆ ನಿಯಮ ಎಂದು ರಾಬರ್ಟ್ಸ್ ಕೇಳಿದರು.

ನಡುವೆ 2014ರಲ್ಲಿ ಸ್ಟ್ಯಾಟಿಕ್ ಕಂಟ್ರೋಲ್ ಕೂಡ ಸುಪ್ರೀಂ ಕೋರ್ಟಿನಲ್ಲಿ ಒಂದು ಗೆಲುವು ಕಂಡಿತ್ತು. ನಮ್ಮ ಚಿಪ್ ಬಳಸಿದರೆ ಅಪರಾಧ ಎಂದು ಲೆಕ್ಸ್‌ಮಾರ್ಕ್ ನಮ್ಮ ಗಿರಾಕಿಗಳಿಗೆ ಪತ್ರ ಬರೆದು ಹೆದರಿಸಿತು ಎಂಬುದು ಅದರ ದೂರು. ಸುಳ್ಳು ಪ್ರಚಾರದ ಮೊಕದ್ದಮೆ ಹೂಡಲು ಅದಕ್ಕೆ ಹಕ್ಕಿದೆ ಎಂದು ಕೋರ್ಟು ಒಮ್ಮತದಿಂದ ಹೇಳಿತು.

ಇಷ್ಟು ಜಗಳ ಆಡಿದ ಇಬ್ಬರೂ ಏನಾದರು ಗೊತ್ತೇ? 2015ರಲ್ಲಿ ಸ್ಟ್ಯಾಟಿಕ್ ಕಂಟ್ರೋಲನ್ನು ಚೀನಾದ ಝುಹೈ ನಗರದ ಏಪೆಕ್ಸ್ ಕೊಂಡಿತು. ಏಪೆಕ್ಸ್‌ನ ವ್ಯಾಪಾರ ಇದೇ ಕಾರ್ಟ್ರಿಡ್ಜ್ ಚಿಪ್ಪುಗಳದು. ಮರುವರ್ಷ, ಅಂದರೆ 2016ರಲ್ಲಿ, ಅದೇ ಏಪೆಕ್ಸ್ ಪಾಲುದಾರರ ಜೊತೆ ಸೇರಿ 360 ಕೋಟಿ ಡಾಲರಿಗೆ ಲೆಕ್ಸ್‌ಮಾರ್ಕನ್ನೇ ಕೊಂಡಿತು. ಬೀಗ ಮಾಡಿದವನು, ಅದಕ್ಕೆ ಬದಲಿ ಬೀಗದ ಕೈ ಮಾಡಿದವನು ಇಬ್ಬರೂ ಒಂದೇ ಮನೆ ಸೇರಿದರು. 2017ರ ತೀರ್ಪು ಬರುವ ಹೊತ್ತಿಗೆ ಈ ಮದುವೆ ಮುಗಿದಿತ್ತು. 2025ರಲ್ಲಿ ಲೆಕ್ಸ್‌ಮಾರ್ಕ್ ಮತ್ತೆ ಕೈಬದಲಾಗಿ ಜೆರಾಕ್ಸ್ ಪಾಲಾಯಿತು.

ತೀರ್ಪು ಮುಟ್ಟದೆ ಬಿಟ್ಟದ್ದು

ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ್ದು ಇಷ್ಟು: ಮಾರಿದ ಮೇಲೆ ಕಂಪನಿ ಪೇಟೆಂಟ್ ಕೇಸು ಹಾಕಿ ಗೆಲ್ಲಲಾಗದು. ಪ್ರಿಂಟರ್ ಎಲ್ಲ ಕಾರ್ಟ್ರಿಡ್ಜನ್ನೂ ಒಪ್ಪಲೇಬೇಕು ಎಂದು ಅದು ಎಲ್ಲೂ ಹೇಳಿಲ್ಲ. ಚಿಪ್ ಇಡುವುದಕ್ಕೆ ಅಡ್ಡಿಯಿಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ನಿನ್ನೆವರೆಗೆ ಓಡಿದ ಬದಲಿ ಚಿಪ್ಪನ್ನು ಇವತ್ತು ಪ್ರಿಂಟರ್ ತಳ್ಳಿಹಾಕುವಂತೆ ಮಾಡುವ ದಾರಿಯೂ ಇದೆ.

ಇನ್ನೊಂದು ಕಿಂಡಿ ಲೈಸೆನ್ಸಿನದು. ವಸ್ತುವನ್ನು 'ಮಾರಿದೆ' ಎಂದರೆ ಹಕ್ಕು ತೀರುತ್ತದೆ. 'ಮಾರಿಲ್ಲ, ಬಳಸಲು ಅನುಮತಿ ಕೊಟ್ಟಿದ್ದೇನೆ' ಎಂದರೆ? 2010ರಲ್ಲಿ ಒಂಬತ್ತನೇ ಸರ್ಕ್ಯೂಟ್ ಕೋರ್ಟು ಆಟೊಡೆಸ್ಕ್ ಕಂಪನಿಯ ಮೊಕದ್ದಮೆಯಲ್ಲಿ ಈ ವಾದ ಒಪ್ಪಿತು. ಅದರ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಆಟೊಕ್ಯಾಡ್‌ನ ಹಳೆಯ ಪ್ಯಾಕೆಟ್ಟುಗಳನ್ನು ಕೊಂಡು ಇಬೇ ಎಂಬ ಆನ್‌ಲೈನ್ ಸಂತೆಯಲ್ಲಿ ಮಾರುತ್ತಿದ್ದ ವ್ಯಾಪಾರಿಗೆ, ನೀನು ಕೊಂಡದ್ದು ಮಾಲೀಕನಿಂದಲೇ ಅಲ್ಲ, ಬರೀ ಲೈಸೆನ್ಸ್ ಇದ್ದವನಿಂದ ಎಂದಿತು. ಹಾಗಾಗಿ ಅಲ್ಲಿ ಹಾರ್ಡ್ ಡಿಸ್ಕ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡು ಮರುಮಾರಾಟ ಮಾಡುವವನಿಗೆ ಇರುವ ನೆಮ್ಮದಿ, ಸಾಫ್ಟ್‌ವೇರ್ ಮರುಮಾರಾಟ ಮಾಡುವವನಿಗೆ ಇಲ್ಲ. ಇದು ಸರಿಯೇ ಎಂದು ಕೇಳಿದರೆ ನನಗೆ ಸರಿ ಕಾಣುವುದಿಲ್ಲ. ಒಂದೇ ಸಲ ಪೂರ್ತಿ ದುಡ್ಡು ಕೊಟ್ಟು, ಶಾಶ್ವತವಾಗಿ ಇಟ್ಟುಕೊಳ್ಳುವಂಥದ್ದನ್ನು ಊರಲ್ಲಿ ಯಾರೂ ಬಾಡಿಗೆ ಅನ್ನುವುದಿಲ್ಲ.

ನಮ್ಮಲ್ಲಿ ಹೇಗೆ?

ಅಮೆರಿಕದ ತೀರ್ಪು ಎಸ್.ಪಿ. ರೋಡಿನಲ್ಲಿ ನಡೆಯುವುದಿಲ್ಲ. ಆದರೆ ನಮ್ಮ ಕಾನೂನು ಬೇರೆ ದಾರಿಯಿಂದ ಹೆಚ್ಚುಕಮ್ಮಿ ಅದೇ ಜಾಗಕ್ಕೆ ಬಂದಿದೆ.

ನಮ್ಮ 1957ರ ಕಾಪಿರೈಟ್ ಕಾಯ್ದೆಯ 14ನೇ ಸೆಕ್ಷನ್ನಿನಲ್ಲಿ ಒಂದು ಕಾಲಕ್ಕೆ ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು, ಅದು ಮೊದಲೇ ಮಾರಾಟವಾಗಿದ್ದರೂ, ಮತ್ತೆ ಮಾರುವ ಹಕ್ಕು ಕಾಪಿರೈಟ್ ಉಳ್ಳವನದೇ ಎಂಬ ಅರ್ಥದ ಮಾತಿತ್ತು. 1999ರ ತಿದ್ದುಪಡಿ ಆ ಮಾತನ್ನು ಕಿತ್ತುಹಾಕಿತು. ಈ ಬದಲಾವಣೆಯ ತೂಕ ಎಷ್ಟು ಎಂದು ನಮ್ಮ ಸುಪ್ರೀಂ ಕೋರ್ಟು ವಿವರವಾಗಿ ನೋಡಿದ್ದು ಬೆಂಗಳೂರಿನ ಒಂದು ತೆರಿಗೆ ಪ್ರಕರಣದಲ್ಲಿ. ಎಂಜಿನಿಯರಿಂಗ್ ಅನಾಲಿಸಿಸ್ ಎಂಬ ಇಲ್ಲಿನ ಕಂಪನಿ ಅಮೆರಿಕದಿಂದ ಸಾಫ್ಟ್‌ವೇರ್ ತರಿಸಿಕೊಳ್ಳುತ್ತಿತ್ತು. ಕೊಟ್ಟ ದುಡ್ಡು ರಾಯಲ್ಟಿ, ಅಂದರೆ ಕಾಪಿರೈಟ್ ಬಳಸಲು ಕೊಟ್ಟ ಹಣ, ಅದರ ಮೇಲೆ ತೆರಿಗೆ ಹಿಡಿಯಬೇಕಿತ್ತು ಎಂದು ಆದಾಯ ತೆರಿಗೆ ಇಲಾಖೆ ಹೇಳಿತು. 2011ರಲ್ಲಿ ಕರ್ನಾಟಕ ಹೈಕೋರ್ಟು ಇಲಾಖೆಯ ಮಾತನ್ನೇ ಒಪ್ಪಿತ್ತು. 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟು ಅದನ್ನು ಬದಲಿಸಿತು. ಕಾಪಿರೈಟ್ ಕೊಳ್ಳುವುದು ಬೇರೆ, ಕಾಪಿರೈಟ್ ಇರುವ ವಸ್ತುವಿನ ಒಂದು ಪ್ರತಿ ಕೊಳ್ಳುವುದು ಬೇರೆ. ಕಾಯ್ದೆ ತಡೆಯುವುದು ನಕಲು ಮಾಡಿ ಆ ನಕಲನ್ನು ಹಂಚುವುದನ್ನು ಎಂದಿತು. ತೆರಿಗೆಯ ಜಗಳದೊಳಗೆ ಮರುಮಾರಾಟದವರಿಗೆ ಒಂದು ಒಳ್ಳೆ ಆಧಾರ ಸಿಕ್ಕಿತು.

ಬೀಗ ಮುರಿಯುವ ವಿಷಯದಲ್ಲಂತೂ ನಮ್ಮ ಕಾಯ್ದೆ ಅಮೆರಿಕದ್ದಕ್ಕಿಂತ ಮೆದು. 2012ರಲ್ಲಿ ಸೇರಿಸಿದ 65ಎ ಸೆಕ್ಷನ್ ಪ್ರಕಾರ ಡಿಜಿಟಲ್ ಬೀಗ ಮುರಿಯುವುದು ಅಪರಾಧವಾಗಬೇಕಾದರೆ ಕಾಪಿರೈಟ್ ಉಲ್ಲಂಘಿಸುವ ಉದ್ದೇಶ ಇರಬೇಕು. ಕಾರ್ಟ್ರಿಡ್ಜಿಗೆ ಪುಡಿ ತುಂಬುವವನಿಗೆ ಆ ಉದ್ದೇಶ ಎಲ್ಲಿಂದ ಬರುತ್ತದೆ? ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಹೊಂದಿಕೊಂಡು ಓಡಲು ಬೇಕಾದ ಮಾಹಿತಿ ಬಿಡಿಸಿಕೊಳ್ಳುವುದಕ್ಕೂ 52ನೇ ಸೆಕ್ಷನ್ನಿನಲ್ಲಿ ಅವಕಾಶವಿದೆ.

ಹಾಗಾಗಿ ಇಲ್ಲಿ ಕಂಪನಿಗಳು ಹಿಡಿದ ಅಸ್ತ್ರ ಟ್ರೇಡ್‌ಮಾರ್ಕ್, ಅಂದರೆ ಬ್ರಾಂಡಿನ ಹೆಸರು, ಗುರುತಿನ ಮೇಲಿನ ಹಕ್ಕು. ಹೊರದೇಶದಿಂದ ಸ್ಯಾಮ್‌ಸಂಗ್ ಪ್ರಿಂಟರ್ ತರಿಸಿ ಕಡಿಮೆ ಬೆಲೆಗೆ ಮಾರುತ್ತಿದ್ದ ದೆಹಲಿಯ ವ್ಯಾಪಾರಿಯ ಮೇಲೆ ಕಂಪನಿ ಕೇಸು ಹಾಕಿತು. 2012ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ತಡೆಯಿತು, ಅದೇ ವರ್ಷ ಅಕ್ಟೋಬರಿನಲ್ಲಿ ವಿಭಾಗೀಯ ಪೀಠ ಆ ಆದೇಶ ಬದಲಿಸಿತು. ಜಗತ್ತಿನ ಯಾವ ಮೂಲೆಯಲ್ಲಿ ಕಾನೂನುಬದ್ಧವಾಗಿ ಮಾರಾಟವಾಗಿದ್ದರೂ ಆ ಪ್ರಿಂಟರನ್ನು ಇಲ್ಲಿ ಮಾರಬಹುದು. ಆದರೆ ಇದು ಹೊರಗಿನಿಂದ ತಂದ ಮಾಲು, ಸ್ಯಾಮ್‌ಸಂಗ್ ವಾರಂಟಿ ಇಲ್ಲ ಎಂದು ಅಂಗಡಿಯಲ್ಲಿ ಕಾಣುವಂತೆ ಬೋರ್ಡು ಹಾಕಬೇಕು.

2024ರ ಮೇ ತಿಂಗಳಲ್ಲಿ ಅದೇ ಹೈಕೋರ್ಟಿನ ಏಕಸದಸ್ಯ ಪೀಠದ ಮುಂದೆ ಹಾರ್ಡ್ ಡಿಸ್ಕಿನ ಸರದಿ. ಬಳಸಿ ಬಿಟ್ಟ ಸೀಗೇಟ್, ವೆಸ್ಟರ್ನ್ ಡಿಜಿಟಲ್ ಡಿಸ್ಕುಗಳನ್ನು ಆಮದು ಮಾಡಿ, ಹಳೆ ಗುರುತು ತೆಗೆದು, ಸರಿಪಡಿಸಿ ತಮ್ಮದೇ ಬ್ರಾಂಡಿನಲ್ಲಿ ಮಾರುತ್ತಿದ್ದವರ ಮೇಲಿನ ಮೊಕದ್ದಮೆ ಅದು. ಮಾರುವುದು ಬೇಡ ಎಂದು ಕೋರ್ಟು ಹೇಳಲಿಲ್ಲ. ಡಬ್ಬದ ಮೇಲೆ ಏನು ಬರೆಯಬೇಕು ಎಂದು ಹೇಳಿತು. ಮೂಲ ತಯಾರಕರ ಹೆಸರು ಇರಬೇಕು, ಅವರ ಲೋಗೊ ಇರಬಾರದು. ಬಳಸಿ ಸರಿಪಡಿಸಿದ ಮಾಲು ಎಂದಿರಬೇಕು. ಮೂಲ ಕಂಪನಿಯ ವಾರಂಟಿ ಇಲ್ಲ, ಏನಾದರೂ ಆದರೆ ಮಾರಿದ ನಮ್ಮನ್ನೇ ಕೇಳಿ ಎಂದು ತಮ್ಮ ವಿಳಾಸ ಕೊಟ್ಟಿರಬೇಕು.